ಜಾಹೀರಾತಿಗೊಂದು ಕಾಲು

"ಪ್ಯಾಂಟು ಸ್ವಲ್ಪ ಮೇಲೆತ್ತಿ ಸಾರ್, ಕೃತಕ ಕಾಲು ಕಾಣ್ಲಿ," ಎಂದ ಫೋಟೋದವನು. ಸೈನಿಕರ ಮಕ್ಕಳಿಗೆ ಫೀಸು ಮಾಫಿ ಮಾಡುವ ಕಾಲೇಜೆಂದು ಜಾಹೀರಾತು ಹಾಕಿಸಲು ಪ್ರಾಂಶುಪಾಲರಿಗೆ ಆ ಚಿತ್ರವೇ ಬೇಕಿತ್ತು.

ಕುರ್ಚಿಯಲ್ಲಿ ಕೂತಿದ್ದ ಮಾಜಿ ಸೈನಿಕ ಪಕ್ಕದಲ್ಲಿ ನಿಂತಿದ್ದ ಮಗಳ ಮುಖ ನೋಡದೆ ಬಗ್ಗಿದ. ಹೆಂಡತಿಯೆದುರೂ ಆ ಕಾಲು ತೋರಿಸಲು ಹಿಂಜರಿಯುತ್ತಿದ್ದವನು, ಮಗಳ ಸೀಟಿಗಾಗಿ ಪ್ಯಾಂಟನ್ನು ಮಡಚತೊಡಗಿದ.

"ಇನ್ನೂ ಮೇಲೆ. ಮುಖ ಸಪ್ಪಗಿರ್ಲಿ," ಎಂದರು ಪ್ರಾಂಶುಪಾಲರು, ಬಾಯಲ್ಲಿ ಗೋಡಂಬಿ ಅಗಿಯುತ್ತಲೇ.

ಅವಳು ಅಪ್ಪನೆದುರು ಮಂಡಿಯೂರಿದಳು. "ಆಹಾ, ಹಾಗೇ ಇರಮ್ಮ!" ಎಂದು ಫೋಟೋದವನು ಕ್ಯಾಮೆರಾ ಎತ್ತಿದ. ಅವಳು ಮಡಿಕೆಗಳನ್ನೆಲ್ಲ ಬಿಡಿಸಿ, ಪ್ಯಾಂಟನ್ನು ಬೂಟಿನವರೆಗೂ ಎಳೆದುಬಿಟ್ಟಳು.

"ನಿನ್ನ ಸೀಟು, ಮಗಳೇ..." ಎಂದ ಅಪ್ಪ.

"ಸರ್ಕಾರಿ ಕಾಲೇಜಲ್ಲಿ ಓದ್ತೀನಿ ಬಿಡಪ್ಪ. ಏಳು, ಇಲ್ಲಿ ನಾರ್ತಿದೆ."