ಕೂಸುಚಿಕ್ಕಿಗೆ ದೃಷ್ಟಿಯಾದದ್ದು

ಆಕಾಶದಲ್ಲಿ ಹೊಸದಾಗಿ ಹುಟ್ಟಿದ ನಕ್ಷತ್ರಕ್ಕೆ ಊರವರು ಕೂಸುಚಿಕ್ಕಿ ಎನ್ನುತ್ತಿದ್ದರು. ಅದು ಅತ್ತರೆ ಮಂದಿಯ ಮೈಯೊಳಗಿನ ಎಲುಬೆಲ್ಲ ಕಾಣುತ್ತಿತ್ತು. ಮರ್ಯಾದೆ ಉಳಿಯಲೆಂದು ಮನೆಗೊಬ್ಬ ಗಂಡಸು ಸರದಿಯ ಮೇಲೆ ಮಾಳಿಗೆಯೇರಿ, ಅದು ನಗುವಂತೆ ದೊಡ್ಡ ಗಿಲಕಿ ಆಡಿಸಬೇಕು.

ಸರದಿ ಬಂದ ದಿನವೇ ನೀಲವ್ವನ ಗಂಡ ಕಲ್ಲಪ್ಪ ಜಾರಿಬಿದ್ದು ಕೈ ಮುರಿಯಿತೆಂದು ಕೂಗಿಕೊಂಡ. ಪಕ್ಕದ ಮನೆಯವನು ಗಿಲಕಿ ಹಿಡಿದ. ನೀಲವ್ವ ಗಂಡನಿಗೆ ತುತ್ತು ಮಾಡಿ ಉಣ್ಣಿಸಿದಳು, ಮೀಸೆಗೂ ತಾನೇ ಎಣ್ಣೆ ಹಚ್ಚಿದಳು. ಎಲುಬು ಸೊಟ್ಟಗೆ ಕೂಡಿದರೆ ಗತಿಯೇನೆಂದು ಅವಳಿಗೆ ನಿದ್ದೆ ಹತ್ತಲಿಲ್ಲ.

ಎಲುಬು ಕೂಡಿಸುವ ಹುಸೇನಸಾಬ ಮುಟ್ಟಹೋದರೆ ಕಲ್ಲಪ್ಪ ಕಿರುಚಿದ.

"ಒಳಗ ಏನಾಗೇತಿ ಕಾಣವಲ್ದು ಅಕ್ಕಾ. ಆ ಕೂಸು ಒಮ್ಮೆ ಅತ್ತಿದ್ರ ಛಲೋ ಇತ್ತು," ಎಂದ ಹುಸೇನಸಾಬ.

"ಬ್ಯಾಡ! ಕೂಸಿನ್ನ ಅಳಸಿದ್ರ ಪಾಪ ಬರ್ತೈತಿ!" ಎಂದು ಕಲ್ಲಪ್ಪ ಒದ್ದಾಡಿದ.

ನೀಲವ್ವ ಅಂಗಳಕ್ಕೆ ಹೋಗಿ, ಯಾವ ತಾಯಿಯೂ ಕೂಸಿನೆದುರು ಆಡದ ಮಾತನ್ನು ಆಡಿದಳು. "ಅಯ್ಯ, ಎಷ್ಟು ದುಂಡಗ ಅದಿಯೋ! ಎಷ್ಟು ಚೆಂದ ಹೊಳೀತಿಯೋ!"

ದೃಷ್ಟಿ ತಾಗಿತು. ಕೂಸುಚಿಕ್ಕಿ ಬೋರಾಡಿ ಅತ್ತಿತು. ಓಣಿಯಲ್ಲಿ ಎಲುಬಿನ ಗೂಡುಗಳು ಸೆರಗೆಳೆದುಕೊಂಡು ಒಳಗೋಡಿದವು. ಹುಸೇನಸಾಬ ಕಲ್ಲಪ್ಪನ ಕೈಯನ್ನು ಹೆಗಲಿನಿಂದ ಬೆರಳಿನ ತನಕ ನೋಡಿದ.

"ಅಕ್ಕಾ, ಇದು ನನ್ನ ಕೈಗಿಂತ ಗಟ್ಟಿ ಐತಿ."

ಬುರುಡೆಗೆ ನಾಚಿಕೆ ತೋರಿಸಲು ಬರುವುದಿಲ್ಲ. ಕಲ್ಲಪ್ಪ ಹಲ್ಲು ಕಿರಿದುಕೊಂಡೇ ನಿಂತಿದ್ದ.

ನೀಲವ್ವ ಉಪ್ಪು ಮೆಣಸಿನಕಾಯಿ ಹಿಡಿದು ಮೊದಲು ಕೂಸುಚಿಕ್ಕಿಗೆ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೆ ಗಿಲಕಿ ತರಿಸಿ, ಆ ಮುರಿದ ಕೈಗೇ ಕೊಟ್ಟಳು.

"ಹತ್ರೀ ಮಾಳಿಗಿ. ಕೂಸು ನಗೋತನಕ ಇಳೀಬ್ಯಾಡ್ರಿ. ನಕ್ಕ ಮ್ಯಾಲೆ ಬಂದು ನಿಮ್ಮ ಕೈಲೇ ಉಣ್ಣೀರಂತ."