ರೆಪ್ಪೆ ಬಡಿಯದವರು

ಆಸ್ಪತ್ರೆಯ ಪುಟ ತೆರೆದುಕೊಳ್ಳುವಾಗ ನೀಲಗಂಗಾ ರೆಪ್ಪೆ ಬಡಿಯಲಿಲ್ಲ. ಗದಗಿನಲ್ಲಿ ಈಗ ಎಲ್ಲರೂ ಹಾಗೆಯೇ. ಮನೆಗೊಂದು ಕೃತಕ ಬುದ್ಧಿಯ ದೂತ. ಅದು ಬ್ರೌಸರಿನಲ್ಲಿ ಪುಟ ತೆರೆದು, ಜಾವಾಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸಿ, ಮನೆಯವರಿಗೆ ಹೊಂದುವಂತೆ ತಿದ್ದಿ ತೋರಿಸುತ್ತಿತ್ತು. ತಿದ್ದುವ ಮೊದಲಿನ ನಿಜವಾದ ಪುಟ ಕಾಣುತ್ತಿದ್ದುದು ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ.

ಗಂಡ ಗುರುಪಾದಪ್ಪನ ವರದಿಯಲ್ಲಿ ‘ತೊಂದರೆಯೇನೂ ಇಲ್ಲ’ ಎಂದಿತ್ತು. ಅದಕ್ಕೂ ಮೊದಲು ಅಲ್ಲಿ ಬೇರೇನೋ ಉದ್ದದ ಸಾಲೊಂದು ಮಿಂಚಿ ಮಾಯವಾದಂತಿತ್ತು.

“ಪುಟದಾಗ ಏನರ ತಿದ್ದೀಯೇನ?” ಎಂದು ದೂತನನ್ನು ಗದರಿದಳು. ನೇರವಾಗಿ ಕೇಳಿದರೆ ದೂತ ಸುಳ್ಳು ಹೇಳುವಂತಿರಲಿಲ್ಲ.

“ಒಂದು ಸಾಲು ಬದಲಿಸಿದ್ದೇನೆ.”

“ಯಾರು ಹೇಳಿದ್ರು ನಿನಗ? ದವಾಖಾನಿಯವರೇನ?”

“ನಿಮ್ಮ ಯಜಮಾನರು.”

ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ಮದುವೆಯಾದಾಗಿನಿಂದ ಒಲೆಯ ಹತ್ತಿರ ಸುಳಿಯದ ಗುರುಪಾದಪ್ಪ ಈ ವಾರವೆಲ್ಲ ತಾನೇ ಅಡುಗೆ ಮಾಡುತ್ತಿದ್ದ.

“ತಿದ್ದಿದ್ದು ತಗಿ,” ಎಂದಳು. ನಿಜವಾದ ಸಾಲನ್ನು ಓದಿದಳು. ಮತ್ತೊಮ್ಮೆ ಓದಲು ಆಗಲಿಲ್ಲ. ಪುಟದ ತಳದಲ್ಲಿ ಆಸ್ಪತ್ರೆಯ ದಾಖಲೆಯಾಗಿ ‘ಮೂಲ ವರದಿಯನ್ನು ಪತ್ನಿ ಓದಿದ್ದಾರೆ’ ಎಂಬ ಅಕ್ಷರಗಳು ಮೂಡಿದವು. ಗಂಡ ಪುಟ ತೆರೆದರೆ ಅವನಿಗೂ ಅವು ಕಾಣುತ್ತವೆ.

“ರಿಪೋರ್ಟ್ ನೋಡಿದೇನ, ನೀಲಾ?” ಗುರುಪಾದಪ್ಪ ಒಳಗಿನಿಂದ ಕೂಗಿದ.

“ನೋಡಿದ್ನಿರೀ. ಏನೂ ಇಲ್ಲಂತ!” ಎಂದು ಗಟ್ಟಿಯಾಗಿ ಹೇಳಿದಳು. ಆಮೇಲೆ ಪರದೆಯತ್ತ ಬಾಗಿ ದೂತನಿಗೆ ಪಿಸುಗುಟ್ಟಿದಳು.

“ಅವರು ಪುಟ ತಗದಾಗ ಆ ಕೆಳಗಿನ ಸಾಲು ಕಾಣಬಾರದು, ಅಳಿಸಿಬಿಡು. ಸ್ಕ್ರಿಪ್ಟ್ ಲಗೂನ ಓಡಿಸು. ಅವರೂ ರೆಪ್ಪಿ ಬಡಿಯಂಗಿಲ್ಲ.”