ನಮ್ಮನೇದು

ಫೋನ್ ಹೊಡೆದುಕೊಂಡಾಗ ಬಡಗಿ ತನ್ನ ಮನೆಯ ಮಂಚದ ಮೂರನೇ ಕಾಲನ್ನು ಕತ್ತರಿಸುತ್ತಿದ್ದ. ಗರಗಸವನ್ನು ಅಲ್ಲೇ ಬಿಟ್ಟು ಓಡಿದ. ಅಡುಗೆಮನೆಯಿಂದ ಹೆಂಡತಿಯೂ ಓಡಿಬಂದಳು. ಬಾಗಿಲಲ್ಲಿ ಇಬ್ಬರ ತಲೆಗಳು ಢೀ ಹೊಡೆದವು. ಹಣೆ ಉಜ್ಜಿಕೊಂಡು ಫೋನೆತ್ತಿದರೆ, ಗ್ಯಾಸ್ ಸಿಲಿಂಡರ್ ನಾಳೆ ಬರುತ್ತದೆ ಎಂದ ಆ ಕಡೆಯವನು.

ದತ್ತು ಕಚೇರಿಗೆ ಅರ್ಜಿ ಕೊಟ್ಟಾಗಿನಿಂದ ಈ ಮನೆಯ ಪಾಡು ಇದೇ. ಕರೆ ಯಾವಾಗ ಬೇಕಾದರೂ ಬರಬಹುದು ಎಂದಿದ್ದರು ಕಚೇರಿಯವರು. ಆ ಒಂದು ಮಾತಿಗಾಗಿ ಹೆಂಡತಿ ಸ್ನಾನಕ್ಕೂ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಳು.

ಬಡಗಿಯದು ಇನ್ನೊಂದು ಹುಚ್ಚು. ಮಂಚ ಎತ್ತರವಾಯಿತು, ಬಿದ್ದರೆ ಗತಿಯೇನು ಎಂದು ಕಾಲು ಕತ್ತರಿಸತೊಡಗಿದ್ದ. ನಾಲ್ಕನೆಯದು ಗಿಡ್ಡವಾಯಿತೆಂದು ಉಳಿದ ಮೂರನ್ನು ಮತ್ತೆ ಕತ್ತರಿಸಿ, ಅದರಲ್ಲೊಂದು ಅತಿಯಾಯಿತೆಂದು ಇನ್ನೊಂದು ಸುತ್ತು ಕತ್ತರಿಸಿ, ಕೊನೆಗೆ ಮಂಚ ಮಣೆಯಾಯಿತು. ಮೇಜಿನ ಮೂಲೆಗಳನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿದ. ಮೆಟ್ಟಿಲಿಗೆ ಗೇಟು ಹಾಕಿದ. ತಾನೇ ಹಾಕಿದ ಚಿಲಕ ತೆಗೆಯಲು ಬಾರದೆ ಒಂದು ಮಧ್ಯಾಹ್ನ ಪೂರ್ತಿ ಮಹಡಿಯಲ್ಲಿ ಸಿಕ್ಕಿಹಾಕಿಕೊಂಡ. ಹೊಸ ವಾಕರ್ ತಂದು ನಡುಮನೆಯಲ್ಲಿಟ್ಟ.

ಹಲ್ಲಿಲ್ಲದ ಬಾಯಿಗೆ ಏನು ತಿನ್ನಿಸುವುದೆಂದು ಹೆಂಡತಿ ಕಂಡದ್ದನ್ನೆಲ್ಲ ನುಣ್ಣಗೆ ಅರೆದು ಅಭ್ಯಾಸ ಮಾಡುತ್ತಿದ್ದಳು. ಅರೆದದ್ದನ್ನೆಲ್ಲ ತಿಂದು ಮುಗಿಸಬೇಕಾದವನು ಅವಳ ತಮ್ಮ. ಪಾಪ, ಬಸ್ ಕಂಡಕ್ಟರ್. ಇವರ ಜೊತೆಯಲ್ಲೇ ಇದ್ದ.

"ತಲೆನೋವನ್ನ ಅರ್ಜಿ ಹಾಕಿ ತರಿಸ್ಕೊಳ್ಳೋರನ್ನ ಇಲ್ಲೇ ನೋಡಿದ್ದು ಅಕ್ಕ," ಎಂದ ಅವನು.

ಅಕ್ಕನಿಗೆ ಆ ತಲೆನೋವೇ ಬೇಕಿತ್ತು. ಅವಳು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್ ಕೂರಿಸುತ್ತಿದ್ದಳು. ಅಲ್ಲಿ ಊಟದ ಡಬ್ಬಿ ಬಿಚ್ಚುವ ಮೊದಲೇ ಹೆಂಗಸರ ಬಾಯಿ ಬಿಚ್ಚುತ್ತಿತ್ತು. ನಮ್ಮನೇದು ರಾತ್ರಿಯೆಲ್ಲ ತಾನೂ ಮಲಗಲಿಲ್ಲ, ನಮ್ಮನ್ನೂ ಮಲಗಿಸಲಿಲ್ಲ ಎಂದು ಕಾಜ ಮಾಡುವವಳು. ನಮ್ಮನೇದು ನೆಂಟರೆದುರಿಗೇ ಮಾನ ಹರಾಜು ಹಾಕಿತು ಎಂದು ಇಸ್ತ್ರಿಯವಳು. ಬೈದುಕೊಂಡು ಬಿದ್ದು ಬಿದ್ದು ನಗುವರು. ಇವಳು ಬಾಯಿ ತೆರೆದರೆ ಮಾತ್ರ ಎಲ್ಲರಿಗೂ ಕರುಣೆ ಉಕ್ಕುತ್ತಿತ್ತು.

"ನಿನಗೇನಮ್ಮ, ಪುಣ್ಯವಂತೆ. ಮನೇಲಿ ಕಾಡೋರು ಯಾರೂ ಇಲ್ಲ."

ಆ ಮಾತು ಕೇಳಿ ಅವಳು ಎಷ್ಟೋ ಸಲ ಮರೆಯಲ್ಲಿ ಹೋಗಿ ಅತ್ತಿದ್ದಳು. ತನ್ನ ಬಾಯಲ್ಲೂ ಒಂದು ದಿನ 'ನಮ್ಮನೇದು' ಎಂದು ಬರಬೇಕು. ಅವಳ ಆಸೆ ಇಷ್ಟೇ.

ಬಡಗಿ ತನ್ನ ಆಸೆಯನ್ನು ಹೇಳಿಕೊಳ್ಳುತ್ತಿರಲಿಲ್ಲ. ಅವನು ಬೆಳೆದದ್ದು ಅನಾಥಾಶ್ರಮದಲ್ಲಿ. ದತ್ತು ಕೇಳಿಕೊಂಡು ಬಂದವರೆಲ್ಲ ಅವನನ್ನು ದಾಟಿ ಪಕ್ಕದವನನ್ನು ನೋಡುತ್ತಿದ್ದರು. ಯಾರೂ ಅವನ ಕೈ ಹಿಡಿಯಲಿಲ್ಲ.

ಕಚೇರಿಯ ಮೇಡಂ ಮನೆ ನೋಡಲು ಬಂದರು. ಮೇಜಿನ ಮೂಲೆ ಸವರಿದರು, ಮಂಚದ ಮೇಲೆ ಕೂತರು, ಏಳಲಾಗದೆ ಕೈ ಚಾಚಿದರು. ಮೂವರೂ ಸೇರಿ ಎಬ್ಬಿಸಿದ ಮೇಲೆ ಪ್ರಶ್ನೆಗಳು ಶುರುವಾದವು. ಹಟ ಹಿಡಿದರೆ? ತಾಳಿಕೊಳ್ಳುತ್ತೇವೆ. ಹಾಸಿಗೆ ಒದ್ದೆಯಾದರೆ? ಒಗೆಯುತ್ತೇವೆ. ಗಂಡೋ, ಹೆಣ್ಣೋ? ಹೆಣ್ಣೇ ಬೇಕು ಎಂದು ಹೆಂಡತಿ ಥಟ್ಟನೆ ಹೇಳಿದಳು. ತುಸು ಹಟಮಾರಿಯಾದರೆ ಇನ್ನೂ ಒಳ್ಳೆಯದು ಎಂದೂ ಸೇರಿಸಿದಳು. ಮೇಡಂ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. ಆಮೇಲೆ ಬಡಗಿಗೆ ಎಂಥದ್ದು ಬೇಕೆಂದು ಕೇಳಿದರು.

"ಸಂಜೆ ನಾನು ಬರೋ ಹೊತ್ತಿಗೆ ದಾರಿ ನೋಡ್ತಾ ಇದ್ರೆ ಸಾಕು," ಎಂದ ಬಡಗಿ.

ಒಂದು ಸಲ ಹೊಂದಿಕೆ ಸಿಕ್ಕಿಯೂ ಕೈ ತಪ್ಪಿತು. ಇಲ್ಲಿ ಹಾಸಿಗೆ ಹಾಸಿಟ್ಟ ದಿನವೇ ಅಲ್ಲಿ ಯಾರೋ ರಕ್ತಸಂಬಂಧಿಗಳು ಬಂದು, ನಮ್ಮದು ಎಂದು ಕರೆದೊಯ್ದಿದ್ದರು. ಬಡಗಿ ಖಾಲಿ ವಾಕರನ್ನು ಒರೆಸುತ್ತ ಕೂತ. ಇನ್ನೊಮ್ಮೆ ಹೀಗಾದರೆ ಅರ್ಜಿ ವಾಪಸು ತಗೊಳ್ಳೋಣ, ಇನ್ನು ನನ್ನ ಕೈಲಾಗದು ಎಂದ. ಹೆಂಡತಿ ಫೋನಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಚ್ಚಿಟ್ಟಳು.

ಹಾಗಾಗಿ ಮುಂದಿನ ಸಲ ಫೋನ್ ಬಂದಾಗ ಯಾರೂ ಓಡಲಿಲ್ಲ. ತಮ್ಮ ಆಕಳಿಸುತ್ತ ಎತ್ತಿದ. ಹಳೆಯದೇ ಇನ್ನೂ ಖಾಲಿಯಾಗಿಲ್ಲ, ಈಗ ಬೇಡ ಎಂದು ಇಟ್ಟುಬಿಟ್ಟ. ಆಮೇಲೆ ನೋಡಿದರೆ ನಂಬರು ದತ್ತು ಕಚೇರಿಯದು! ಅಕ್ಕ ಸೌಟು ಹಿಡಿದು ಅವನನ್ನು ಮನೆ ತುಂಬ ಅಟ್ಟಾಡಿಸಿದಳು. ಬಡಗಿ ಮರಳಿ ಫೋನ್ ಮಾಡಿ, ಸಿಲಿಂಡರ್ ಬೇಡ ಎಂದದ್ದು, ಇದು ಬೇಕೇ ಬೇಕು ಎಂದು ಮೇಡಂಗೆ ತಿಳಿಸಿ ಹೇಳುವಷ್ಟರಲ್ಲಿ ಬೆವೆತುಹೋದ.

ಫೋಟೋ ಬಂತು. ಬೊಚ್ಚು ಬಾಯಿ, ಅಲ್ಲೊಂದು ಇಲ್ಲೊಂದು ಕೂದಲು, ಊದಿಸಿಕೊಂಡ ಮುಖ.

"ನೋಡ್ರೀ, ಹುಬ್ಬು ನಿಮ್ಮದೇ," ಎಂದಳು ಹೆಂಡತಿ.

ಬಡಗಿ ಕನ್ನಡಿಯ ಮುಂದೆ ಹೋಗಿ ತನ್ನ ಹುಬ್ಬನ್ನು ಸವರಿಕೊಂಡ. ಅಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತ. ನೀನು ಇಂಥವರ ಹಾಗಿದ್ದೀಯ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

ಭಾನುವಾರ ಮೇಡಂ ತಾವೇ ಕರೆತಂದು ನಡುಮನೆಯಲ್ಲಿ ಕೂರಿಸಿ ಹೋದರು. ಆ ಜೀವ ಸುತ್ತಲೂ ಕಣ್ಣಾಡಿಸಿತು. ವಾಕರನ್ನು ಆಚೆ ತಳ್ಳಿತು. ಬಾಯಿಗಿಟ್ಟ ತುತ್ತನ್ನು ತಮ್ಮನ ಅಂಗಿಯ ಮೇಲೆ ಉಗುಳಿತು. ಹೆಂಡತಿ ಹತ್ತಿರ ಬಂದರೆ ಮುಖ ತಿರುಗಿಸಿತು. ಬಡಗಿಯ ಬೆರಳನ್ನು ಮಾತ್ರ ಹಿಡಿದದ್ದು ಬಿಡಲಿಲ್ಲ. ಅವನ ಕಿವಿ ಹಿಡಿದೆಳೆದು ಏನೋ ಗೊಣಗಿತು, ಹಾಗೆಯೇ ನಿದ್ದೆ ಹೋಯಿತು. ಆ ಗೊಣಗು ಕೇಳಿಸಿಕೊಂಡ ಹೆಂಡತಿ ಅಡುಗೆಮನೆಗೆ ಹೋಗಿ ಖುಷಿಗೆ ಕುಣಿದುಬಿಟ್ಟಳು. ಬಡಗಿ ಬೆರಳು ಬಿಡಿಸಿಕೊಳ್ಳದೆ ನೆಲದ ಮೇಲೆ ಕೂತೇ ಇದ್ದ.

ಮರುದಿನ ಊಟದ ಹೊತ್ತಿಗೆ ಕಾಜದವಳು ಶುರುಮಾಡುವ ಮೊದಲೇ ಇವಳು ಡಬ್ಬಿಯನ್ನು ಟಪ್ಪೆಂದು ಇಟ್ಟು ನಿಟ್ಟುಸಿರು ಬಿಟ್ಟಳು. ಎಷ್ಟೋ ಕಾಲದಿಂದ ಅಭ್ಯಾಸ ಮಾಡಿಟ್ಟುಕೊಂಡಿದ್ದ ನಿಟ್ಟುಸಿರು. ಎಲ್ಲರೂ ತಿರುಗಿದರು. ನಮ್ಮನೇದರ ಕಥೆ ಏನು ಕೇಳುತ್ತೀರಿ ಎಂದಳು.

"ಬಂದ ಮೊದಲನೇ ದಿನಾನೇ ಇವರ ಕಿವಿ ಹಿಡಿದು, 'ಇವಳಿಗಿಂತ ಒಳ್ಳೆ ಸೊಸೆ ಸಿಗಲಿಲ್ವೇನೋ ಮಗನೇ' ಅಂದುಬಿಟ್ರು ನಮ್ಮತ್ತೆ."